ಬಾಗಿಲ ಮುಂದಿನ ಮೊಪೆಡ್

ಊರಿನವರಿಗೆ ವಸತಿ ಅರ್ಜಿ ತುಂಬಿಕೊಡುವುದು ನಾನಾಗೇ ಹಚ್ಚಿಕೊಂಡ ಕೆಲಸ. ಬಂದವರೆಲ್ಲ ಮೊದಲು ಕೇಳುವುದು ‘ದುಡ್ಡು ಎಷ್ಟು ಬರುತ್ತೆ?’ ಅಂತಲೇ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ. ಅದರ ಜೊತೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12,000. ಅಷ್ಟರಲ್ಲಿ ಮನೆ ಮುಗಿಯುವುದಿಲ್ಲ, ಆ ಮಾತು ಬೇರೆ. ಅದಕ್ಕಿಂತ ಮುಂಚೆ ಪಟ್ಟಿಯಲ್ಲಿ ಹೆಸರು ಇರಬೇಕಲ್ವಾ? ನನ್ನ ಓಡಾಟವೆಲ್ಲ ಅದಕ್ಕೇ.

ಒಬ್ಬ ಅಜ್ಜಿಯ ಕಥೆ ಹೇಳುತ್ತೇನೆ. ಗಂಡ ಇಲ್ಲ. ಗುಡಿಸಲಿಗೆ ತೆಂಗಿನ ಗರಿಯ ಮಾಡು, ಅದರ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲು ಹಾರದಂತೆ ನಾಲ್ಕು ಕಲ್ಲು. 2018ರ ಸಮೀಕ್ಷೆಗೆ ಬಂದವರು ಬಾಗಿಲಲ್ಲಿ ಮೊಪೆಡ್ ನೋಡಿ ‘ದ್ವಿಚಕ್ರ ವಾಹನ ಇದೆ’ ಅಂತ ಬರೆದುಕೊಂಡು ಹೋದರು. ಅದು ಅಜ್ಜಿಯ ಅಣ್ಣನ ಮಗನದ್ದು, ಅವತ್ತು ಸುಮ್ನೆ ನೋಡಿಕೊಂಡು ಹೋಗಲು ಬಂದಿದ್ದ. ಆಗ ಗಾಡಿ ಇದ್ದವರಿಗೆ ಮನೆ ಇಲ್ಲ ಅನ್ನುವ ನಿಯಮ; ಅಜ್ಜಿಯ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ತಪ್ಪು ನನ್ನದೂ ಇದೆ. ಪಟ್ಟಿ ಓದಿದ ಗ್ರಾಮಸಭೆಗೆ ನಾನು ಹೋಗಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಕಚೇರಿಗೆ ಅಲೆದರೆ ಸಿಕ್ಕ ಉತ್ತರ ಒಂದೇ: ‘ಸಿಸ್ಟಂನಲ್ಲಿ ಬರ್ತಾ ಇಲ್ಲ.’ ಅಲ್ಲಿಂದೀಚೆಗೆ ಒಂದು ಗ್ರಾಮಸಭೆಯನ್ನೂ ತಪ್ಪಿಸಿಲ್ಲ. ಆಕ್ಷೇಪಣೆ ಇದ್ದರೆ ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸುತ್ತೇನೆ. ಬಾಯಿಮಾತಿಗೆ ಬೆಲೆ ಇಲ್ಲ.

2024ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು. ಬೈಕ್, ಫ್ರಿಜ್ ಇದ್ದರೂ ಅಡ್ಡಿಯಿಲ್ಲ. ಮನೆಯಲ್ಲಿ ಒಬ್ಬರ ತಿಂಗಳ ದುಡಿಮೆಯ ಮಿತಿ 10,000 ಇದ್ದದ್ದು 15,000 ಆಯಿತು. ನನ್ನ ಕೇಳಿದರೆ ಇದು ಎಷ್ಟೋ ವರ್ಷ ಮೊದಲೇ ಆಗಬೇಕಿತ್ತು. ಕೂಲಿಗೆ ಹೋಗುವವನ ಸೆಕೆಂಡ್ ಹ್ಯಾಂಡ್ ಮೊಪೆಡ್ ಯಾವ ಸಿರಿತನ?

ಹೊಸ ಸಮೀಕ್ಷೆಗೆ ಈ ಸಲ ಮೊದಲೇ ತಯಾರಾದೆವು. ಜಾಗದ ದಾಖಲೆ ಮೊದಲು ನೋಡಿದೆ. ಸರ್ಕಾರಿ ಜಾಗದ ಗುಡಿಸಲಾದರೆ ಭೂ ಕಂದಾಯ ಕಾಯ್ದೆಯ 94ಸಿ (ಅಂಥ ಮನೆ ಸಕ್ರಮ ಮಾಡುವ ಕಲಂ) ಅಡಿ ಹಕ್ಕುಪತ್ರ ಆಗಿದೆಯಾ ಅಂತ ನೋಡಿಕೊಳ್ಳಬೇಕು. ಅಜ್ಜಿಯ ಹಕ್ಕುಪತ್ರ ಹಿಟ್ಟಿನ ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿತ್ತು. ಆಮೇಲೆ ಬ್ಯಾಂಕ್. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ದುಡ್ಡು ಹೋಗುತ್ತದೆ, ಕೈಯಲ್ಲಿರುವ ಪಾಸ್‌ಬುಕ್‌ಗೆ ಅಲ್ಲ. ಇನ್ನೊಂದು ಮನೆಯವರ ಕಂತು ಯಾವತ್ತೋ ತೆರೆದು ಮರೆತ ಖಾತೆಯಲ್ಲಿ ಬಿದ್ದಿತ್ತು. ಅದನ್ನು ಹುಡುಕುವಷ್ಟರಲ್ಲಿ ಅಡಿಪಾಯದ ಗುಂಡಿ ತುಂಬ ಮಳೆ ನೀರು.

ಸಮೀಕ್ಷೆಯ ದಿನ ಗುರುತಿಗೆ ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಬೇಕಿತ್ತು. ಅಜ್ಜಿಗೆ ಪೊರೆ ಬಂದ ಕಣ್ಣು. ‘ಮಿಟುಕಿಸಿ’ ಅಂದರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ದೇವರಿಗೆ ಕೈ ಮುಗಿದವರ ಹಾಗೆ ನಿಂತುಬಿಡುತ್ತಿದ್ದಳು. ನಾಲ್ಕು ಸಲ ಆಗಲಿಲ್ಲ. ಕೊನೆಗೆ ಬೆಳಕಿಗೆ ಕರೆದುಕೊಂಡು ಬಂದು, ಮೊಮ್ಮಗಳು ಪಕ್ಕದಲ್ಲಿ ‘ಪಟಪಟ’ ಅಂತ ಹೇಳಿಕೊಟ್ಟ ಮೇಲೆ ಆಯಿತು.

ಅಣ್ಣನ ಮಗ ಅವತ್ತೂ ಬಂದಿದ್ದ. ಈಗ ಗಾಡಿ ಇದ್ದರೆ ಏನೂ ಆಗಲ್ಲ ಅಂತ ಅಜ್ಜಿಗೆ ಹತ್ತು ಸಲ ಹೇಳಿದ್ದೆ. ಆದರೂ ಗುಡಿಸಲಿನ ಫೋಟೋ ತೆಗೆಯುವ ಹೊತ್ತಿಗೆ ಮೊಪೆಡ್ ಹಿತ್ತಲಲ್ಲಿ, ಹುಲ್ಲಿನ ಬಣವೆ ಹಿಂದೆ, ಗೋಣಿಚೀಲ ಹೊದ್ದು ನಿಂತಿತ್ತು.