ಪ್ರೋಗ್ರಾಂನಲ್ಲಿ ರಿಟರ್ನ್ ಮೊದಲೇ ಕೊಡಬೇಕಾ, ಕೊನೆಗಾ?

ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಗೆ ಬಿಲ್ ಪ್ರೋಗ್ರಾಂ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮೂಟೆಯ ತೂಕ ಸೊನ್ನೆಯಾ, ತೇವಾಂಶ ಜಾಸ್ತಿಯಾ, ದರ ಹಾಕಿಲ್ವಾ ಅಂತ ಒಂದರೊಳಗೊಂದು ಇಫ್ (ಷರತ್ತು) ಹಾಕುತ್ತಾ ಹೋದರೆ, ನಿಜವಾದ ಲೆಕ್ಕ ಮುಳ್ಳಯ್ಯನಗಿರಿ ರಸ್ತೆಯ ಹಾಗೆ ನಾಲ್ಕು ತಿರುವು ದಾಟಿದ ಮೇಲೆ ಸಿಗುತ್ತದೆ. ಹಾಗೆ ಮಾಡಬೇಡಿ. ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಶುರುವಿನಲ್ಲೇ ಒಂದೊಂದನ್ನೂ ನೋಡಿ, ತಪ್ಪಿದ್ದರೆ ಅಲ್ಲೇ ರಿಟರ್ನ್ ಮಾಡಿ, ಅಂದರೆ ಫಂಕ್ಷನ್‌ನಿಂದ ಹೊರಬನ್ನಿ. ಗೇಟಿನಿಂದಲೇ ಮೂಟೆ ವಾಪಸ್ ಕಳಿಸಿದ ಹಾಗೆ, ಅಷ್ಟೇ. ಉಳಿದ ಲೆಕ್ಕ ಎಡ ಅಂಚಿನಲ್ಲಿ ನೇರವಾಗಿ ಇಳಿಯಲಿ.

ಆದರೆ ಫಂಕ್ಷನ್‌ಗೆ ಕೊನೆಯಲ್ಲಿ ಒಂದೇ ರಿಟರ್ನ್ ಇರಬೇಕು ಅನ್ನುವ ಒಂದೇ ಬಾಗಿಲಿನ ನಿಯಮವೂ ಸುಮ್ನೆ ಬಂದದ್ದಲ್ಲ. ಸಿ ಭಾಷೆಯಲ್ಲಿ ಫೈಲ್ ತೆರೆದು, ಮೆಮೊರಿ ಪಡೆದು, ಮಧ್ಯದಲ್ಲಿ ರಿಟರ್ನ್ ಮಾಡಿದರೆ ಅದನ್ನೆಲ್ಲ ಮುಚ್ಚುವವರು ಯಾರು? ಅಲ್ಲಿ ಕೊನೆಗೆ, ಎಲ್ಲ ಮುಚ್ಚುವ ಸಾಲುಗಳ ಮುಂದೆ, ಒಂದು ಕ್ಲೀನಪ್ ಲೇಬಲ್ (ಹೆಸರಿನ ಗುರುತು) ಇಟ್ಟು ಅದಕ್ಕೆ ಗೋಟು (ನೇರ ಅಲ್ಲಿಗೆ ಜಿಗಿಯುವ ಆದೇಶ) ಹಾಕಿ. ಗೋಟು ಕೆಟ್ಟದ್ದು ಅಂತ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲೇ ಪತ್ರ ಬರೆದಿದ್ದರು ನಿಜ, ಆದರೂ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಇವತ್ತಿಗೂ ಹೀಗೇ ಮಾಡುತ್ತಾರೆ. ಪೈಥಾನ್‌ನಲ್ಲಿ ವಿತ್, ಗೋ ಭಾಷೆಯಲ್ಲಿ ಡಿಫರ್ ಬಳಸಿದರೆ ಹೊರಹೋಗುವಾಗ ಮುಚ್ಚುವ ಕೆಲಸ ತಾನಾಗೇ ನಡೆಯುತ್ತದೆ, ಈ ತಲೆನೋವು ಇರುವುದಿಲ್ಲ.

200 ಸಾಲಿನ ಫಂಕ್ಷನ್ ನಡುವೆ ಎಲ್ಲೋ ಒಂದು ರಿಟರ್ನ್ ಅವಿತು ಕೂತಿದೆಯಾ? ರಿಟರ್ನ್ ಬಗ್ಗೆ ಜಗಳ ಆಮೇಲೆ, ಮೊದಲು ಆ ಫಂಕ್ಷನ್ ಒಡೆಯಿರಿ.