ನೆತ್ತಿ ನೋಡುವ ಮೊದಲು ಉಚ್ಚೆ ಬಟ್ಟೆ ಎಣಿಸಿ

ನಮ್ಮ ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯಾದರೆ ಒಳಗೂ ಧಗೆ. ದೊಡ್ಡವರು ಬಾಯಾರಿದರೆ ತಂಬಿಗೆ ಎತ್ತಿ ಕುಡಿಯುತ್ತೇವೆ. ಕೂಸು ಏನಂತ ಕೇಳೀತು? ಇಂಥದ್ದರಲ್ಲಿ ಭೇದಿಯೋ ವಾಂತಿಯೋ ಶುರುವಾದರೆ ಮೈಯ ನೀರು ಬಹಳ ಬೇಗ ಇಳಿದು ಹೋಗುತ್ತದೆ.

ಹಿರಿಯರಾದ ನಾವು ಮೊದಲು ಮುಟ್ಟುವುದು ನೆತ್ತಿ. ಕುಳಿ ಬಿದ್ದಿದ್ದರೆ ಔಡಲೆಣ್ಣೆ ಒತ್ತುತ್ತೇವೆ. ನೆತ್ತಿ ನೋಡುವುದು ಸರಿ. ಎಣ್ಣೆಯಿಂದ ಮಾತ್ರ ಒಳಗಿನ ನೀರು ತುಂಬುವುದಿಲ್ಲ. ಅಷ್ಟೇ ಅಲ್ಲ, ನೆತ್ತಿ ಕುಳಿ ಬೀಳುವ ಹೊತ್ತಿಗೆ ಆಗಲೇ ತಡವಾಗಿರುತ್ತದೆ. ಅದಕ್ಕೇ ನಮ್ಮ ಸೊಸೆಯಂದಿರಿಗೆ ನಾನು ಹೇಳುವುದು, ಉಚ್ಚೆ ಬಟ್ಟೆ ಎಣಿಸಿರವ್ವ ಅಂತ. ಹುಟ್ಟಿ ಒಂದು ವಾರ ದಾಟಿದ, ಹಾಲು ಸರಿಯಾಗಿ ಕುಡಿಯುವ ಕೂಸು ದಿನಕ್ಕೆ ಆರು ಬಟ್ಟೆಯನ್ನಾದರೂ ಒದ್ದೆ ಮಾಡಬೇಕು. ಅದು ಮೂರು ನಾಲ್ಕಕ್ಕೆ ಇಳಿಯಿತು, ಬಣ್ಣ ಗಾಢ ಹಳದಿ ಆಯಿತು, ವಾಸನೆ ಜಾಸ್ತಿಯಾಯಿತು ಅಂದರೆ ಎಚ್ಚರವಾಗಿ. ಆರು ತಾಸು ಬಟ್ಟೆ ಒಣಗೇ ಇದ್ದರೆ ಡಾಕ್ಟರ ಹತ್ತಿರ ಹೊರಡಿ.

ಈ ಲೆಕ್ಕ ಡೈಪರ್‌ನಲ್ಲಿ ಸಿಗುವುದಿಲ್ಲ. ಎಲ್ಲಾ ಹೀರಿಕೊಂಡು ಸುಮ್ನೆ ಕೂತಿರುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಭೇದಿ ಇದ್ದಾಗ, ಹಳೆ ಸೀರೆಯ ಬಟ್ಟೆಯೇ ಲೇಸು. ಡೈಪರ್ ಹಾಕಲೇಬೇಕೆಂದರೆ ಒಂದು ಕೈಯಲ್ಲಿ ಹೊಸದು, ಇನ್ನೊಂದರಲ್ಲಿ ಬಿಚ್ಚಿದ್ದು ಹಿಡಿದು ತೂಕ ನೋಡಿ.

ಇನ್ನುಳಿದ ಗುರುತು ಕಣ್ಣಿಗೇ ಕಾಣುತ್ತವೆ. ನಾಲಿಗೆ, ತುಟಿ ಒಣಗುತ್ತವೆ. ಅತ್ತರೂ ಕಣ್ಣೀರು ಬರುವುದಿಲ್ಲ, ಕಣ್ಣು ಒಳಗೆ ಹೋಗಿರುತ್ತದೆ. ಹೊಟ್ಟೆಯ ಮೇಲಿನ ಚರ್ಮ ಮೆಲ್ಲಗೆ ಚಿವುಟಿ ಬಿಟ್ಟರೆ ತಟ್ಟನೆ ಸಮ ಆಗಬೇಕು. ಹಾಗೇ ಎದ್ದು ನಿಂತರೆ ಪರಿಸ್ಥಿತಿ ಕೆಟ್ಟಿದೆ. ನೆತ್ತಿಯನ್ನು ಕೂಸು ಅಳದೆ ಇರುವಾಗ, ಎತ್ತಿ ನೆಟ್ಟಗೆ ಹಿಡಿದು ನೋಡಬೇಕು. ಅಳುವಾಗ ಅದು ಉಬ್ಬುತ್ತದೆ, ಮೋಸ ಹೋಗುತ್ತೀರಿ.

ಭೇದಿ ಅಂತ ಹಾಲು ಬಿಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎದೆಹಾಲು ಇನ್ನೂ ಜಾಸ್ತಿ ಸಲ ಕೊಡಿ. ಆರು ತಿಂಗಳೊಳಗಿನ ಆರೋಗ್ಯದ ಕೂಸಿಗೆ ಎಂಥಾ ಬಿಸಿಲಲ್ಲೂ ಬೇರೆ ನೀರು ಬೇಡ, ಹಾಲಲ್ಲೇ ನೀರಿದೆ. ದೃಷ್ಟಿ ಆಗಿದೆ ಅಂತ ನಿವಾಳಿಸುವುದಾದರೆ ನಿವಾಳಿಸಿ, ಯಾರು ಬೇಡ ಅಂತಾರೆ? ಬರೆ ಹಾಕುವುದು ಮಾತ್ರ ಖಂಡಿತ ಬೇಡ.

ಭೇದಿ ಶುರುವಾದ ಕೂಡಲೇ ಹಾಲಿನ ಜೊತೆ ಪಾಕೀಟಿನಲ್ಲಿ ಬರುವ ಉಪ್ಪು-ಸಕ್ಕರೆ ಪುಡಿ ಕರಗಿಸಿದ ನೀರು, ಅಂದರೆ ಓಆರ್‌ಎಸ್ ಕೊಡಬೇಕು. ಆಶಾ ಕಾರ್ಯಕರ್ತೆಯ ಹತ್ತಿರ ಪುಕ್ಕಟೆ ಸಿಗುತ್ತದೆ. ದೊಡ್ಡ ಪಾಕೀಟನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಸುರಿಯಿರಿ. ಅರ್ಧ ಪಾಕೀಟು, ಒಂದು ಲೋಟ ಅಂತ ಅಂದಾಜು ಮಾಡಬೇಡಿ. ಉಪ್ಪಿನ ಹದ ತಪ್ಪಿದರೆ ಕೂಸಿಗೆ ಕೆಡುಕು. ಸಿಹಿ ಸಾಲದು ಅಂತ ಮೇಲೆ ಸಕ್ಕರೆ ಹಾಕುವುದೂ ಬೇಡ. ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ಬಣ್ಣದ ಸಿಹಿ ಪಾನಕ ಓಆರ್‌ಎಸ್ ಅಲ್ಲ. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಒಂದೊಂದೇ ಚಮಚ. ಬಾಟಲಿ ಬೇಡ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಕೊಡಿ. ಉಳಿದದ್ದನ್ನು 24 ತಾಸಿನ ಮೇಲೆ ಚೆಲ್ಲಿಬಿಡಿ. ಜಿಂಕ್ ಮಾತ್ರೆ ಕೊಟ್ಟಿದ್ದರೆ ಭೇದಿ ನಿಂತರೂ 14 ದಿನ ಪೂರ್ತಿ ಮಾಡಿ.

ಮಲದಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಎಬ್ಬಿಸಿದರೂ ಏಳದ ಮಂಪರು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ದೇವದುರ್ಗ, ಲಿಂಗಸುಗೂರು ಕಡೆಯವರು ಮೊದಲು ಅಲ್ಲಿನ ತಾಲೂಕು ಆಸ್ಪತ್ರೆಗೇ ಹೋಗಿ, ರಾಯಚೂರು ಮುಟ್ಟುವ ತನಕ ತಡ ಮಾಡಬೇಡಿ. ದಾರಿಯಲ್ಲಿ ಕೂಸು ಎಚ್ಚರವಿದ್ದು ನುಂಗುತ್ತಿದ್ದರೆ ಓಆರ್‌ಎಸ್ ಚಮಚದಲ್ಲಿ ಕೊಡುತ್ತಲೇ ಇರಿ. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.