ಮೂರು ಸರ್ವರ್, ಹನ್ನೆರಡು ಡಿಸ್ಕ್: ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಬಿಗಿ ಹಿಡಿಯಬೇಕು

ಗದಗ-ಬೆಟಗೇರಿಯ ಮುದ್ರಣಾಲಯವಿರಲಿ, ಧಾರವಾಡದ ಕಾಲೇಜು ಲ್ಯಾಬ್ ಇರಲಿ, ಸೆಫ್ (ಹಲವು ಸರ್ವರಿನ ಡಿಸ್ಕುಗಳನ್ನು ಒಂದೇ ಸಂಗ್ರಹವಾಗಿಸುವ ಸಾಫ್ಟ್‌ವೇರ್) ಕ್ಲಸ್ಟರ್ ಕಟ್ಟುವವರು ಎಡವುವುದು ಸಾಫ್ಟ್‌ವೇರಿನಲ್ಲಲ್ಲ, ಡಿಸ್ಕ್ ಖರೀದಿಯಲ್ಲಿ.

1. ಮೊದಲು ಲೆಕ್ಕ. 3 ಸರ್ವರ್, ತಲಾ 4 ಡಿಸ್ಕ್, ಒಂದೊಂದು 4 ಟಿಬಿ: ಒಟ್ಟು 48. ಮೂರು ಪ್ರತಿ ಇಟ್ಟರೆ 16. ಅದೂ ಪೂರ್ತಿ ದಕ್ಕದು. ಒಂದು ಡಿಸ್ಕ್ ಸತ್ತರೆ ಆ ಸರ್ವರಿನ ಹೊರೆ ಅದರಲ್ಲೇ ಉಳಿದ ಮೂರು ಡಿಸ್ಕಿನ ಮೇಲೆ; 85% ತುಂಬಿದೊಡನೆ ಸೆಫ್ ಎಚ್ಚರಿಕೆ ಕೊಡುತ್ತದೆ. 10 ಟಿಬಿ ಎಂದೇ ಹಿಡಿಯಿರಿ.

2. ಹಾರ್ಡ್‌ಡಿಸ್ಕ್ ಸಿಎಂಆರ್ ಆಗಿರಲೇಬೇಕು, ಅಂದರೆ ದತ್ತಾಂಶ ಬರೆಯುವ ಟ್ರ್ಯಾಕುಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ಇರುವಂಥದ್ದು. ಅಗ್ಗದ ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಾಚಿರುತ್ತವೆ. ನಡುವಿನ ಹೆಂಚು ಬದಲಿಸಲು ಮೇಲಿನ ಸಾಲನ್ನೂ ಎಬ್ಬಿಸಬೇಕಲ್ಲ, ಹಾಗೆಯೇ ಒಂದು ಕಡೆ ತಿದ್ದಲು ಅಕ್ಕಪಕ್ಕದ್ದನ್ನೆಲ್ಲ ಮತ್ತೆ ಬರೆಯಬೇಕು. ಮೊದಲ ವಾರ ಏನೂ ಗೊತ್ತಾಗುವುದಿಲ್ಲ, ಕ್ಯಾಷ್ ಮುಚ್ಚಿಹಾಕುತ್ತದೆ. ಡಿಸ್ಕ್ ಸತ್ತು ದತ್ತಾಂಶ ಮರುತುಂಬುವಾಗ ವೇಗ ನೆಲಕಚ್ಚುತ್ತದೆ, ಸೆಫ್ ಜೀವಂತ ಡಿಸ್ಕನ್ನೂ ಸತ್ತಿತೆಂದು ಹೊರಗಿಡುತ್ತದೆ. ಡಬ್ಬದ ಮೇಲಿನ ಹೆಸರು ನಂಬಬೇಡಿ: 2020ರಲ್ಲಿ ವೆಸ್ಟರ್ನ್ ಡಿಜಿಟಲ್ (ಡಬ್ಲ್ಯೂಡಿ) ಕಂಪನಿಯ ರೆಡ್‌ನ 2ರಿಂದ 6 ಟಿಬಿ ಮಾದರಿಗಳೇ ಎಸ್‌ಎಂಆರ್ ಎಂದು ಬಯಲಾಯಿತು. ಮಾದರಿ ಸಂಖ್ಯೆ ಹಿಡಿದು ಕಂಪನಿಯ ಪಟ್ಟಿ ನೋಡಿ. ಡಬ್ಲ್ಯೂಡಿಯ ರೆಡ್ ಪ್ಲಸ್, ಸೀಗೇಟಿನ ಐರನ್‌ವುಲ್ಫ್ ಸಿಎಂಆರ್. 'ಕ್ಯಾಮೆರಾ ಡಿಸ್ಕ್ ಸಾಕ್ರೀ' ಎಂದು ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ಯಾರಾದರೂ ಅಂದರೆ ಬೇಡವೆನ್ನಿ. ಅದನ್ನು ಹದಗೊಳಿಸಿದ್ದು ವಿಡಿಯೊ ಸುರಿಯಲು.

ಡಿಸ್ಕ್ ಜೋಡಣೆಗೆ ದುಬಾರಿ ಸ್ಯಾಸ್ ಬೇಡ, ಮಾಮೂಲಿ ಸಾಟಾ ಸಾಕು. ಹಲವು ಡಿಸ್ಕನ್ನು ಒಂದಾಗಿ ತೋರಿಸುವ ರೇಡ್ ಕಾರ್ಡಿಗೆ ಕೊಡುವ ದುಡ್ಡೂ ದಂಡ. ಡಿಸ್ಕುಗಳನ್ನು ಇದ್ದಂತೆಯೇ ಸರ್ವರಿಗೆ ಒಪ್ಪಿಸುವ ಕಾರ್ಡ್, ಅಂದರೆ ಐಟಿ ಮೋಡಿನ ಎಚ್‌ಬಿಎ ಹಾಕಿ.

3. ಎಸ್‌ಎಸ್‌ಡಿಯಲ್ಲಿ ಮಾತ್ರ ಜಿಪುಣತನ ಬೇಡ. ಹಾರ್ಡ್‌ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂಬ ಸೆಫ್‌ನ ಸೂಚಿ ಇರುವುದು ಇದರಲ್ಲೇ. ಡಿಸ್ಕಿಗೆ 2% ಅಂದರೆ 80 ಜಿಬಿ, ನಾಲ್ಕಕ್ಕೆ 320. ಸರ್ವರಿಗೊಂದು 480 ಜಿಬಿ ಸಾಕು. ಆದರೆ ಪವರ್ ಲಾಸ್ ಪ್ರೊಟೆಕ್ಷನ್ ಇರುವ ಡೇಟಾಸೆಂಟರ್ ಮಾದರಿಯೇ ಇರಲಿ. ಅದರೊಳಗಿನ ಕೆಪಾಸಿಟರ್‌ಗಳು ಕರೆಂಟ್ ಹೋದರೂ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುತ್ತವೆ. ಆ ಧೈರ್ಯದಿಂದಲೇ ಅದು 'ಬರೆದಾಯಿತು' ಎಂದು ಬೇಗ ಉತ್ತರಿಸುತ್ತದೆ. ಗೇಮಿಂಗ್ ಎಸ್‌ಎಸ್‌ಡಿ ಪ್ರತಿ ಸಿಂಕ್ ಬರಹಕ್ಕೂ (ಉಳಿಯಿತೆಂದು ಖಾತ್ರಿಯಾಗುವವರೆಗೆ ಕಾಯುವ ಬರಹ) ಫ್ಲ್ಯಾಶ್ ಚಿಪ್ಪನ್ನೇ ಮುಟ್ಟಬೇಕು, ಡಬ್ಬದ ಮೇಲಿನ ವೇಗವೆಲ್ಲ ಗಾಳಿಗೆ. ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಅಗ್ಗದ ಫ್ಲ್ಯಾಶ್) ಅಂತೂ ಬೇಗ ಸವೆಯುತ್ತದೆ. ಈ ಒಂದು ಎಸ್‌ಎಸ್‌ಡಿ ಹೋದರೆ ಅದರ ಹಿಂದಿನ ನಾಲ್ಕೂ ಡಿಸ್ಕ್ ಹೋದಂತೆ.

4. ಹನ್ನೆರಡನ್ನೂ ಒಂದೇ ಬ್ಯಾಚಿನಿಂದ ತರಬೇಡಿ. ಹಳೆಯದಾದರೆ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197 ಸಂಖ್ಯೆಯ ಸಾಲುಗಳಲ್ಲಿ (ಕೆಟ್ಟ ಮತ್ತು ಅನುಮಾನದ ಜಾಗಗಳ ಎಣಿಕೆ) ಸೊನ್ನೆ ಇರಬೇಕು. ಓಡಿದ ಗಂಟೆ ಅಳಿಸಿ ಮಾರುವವರಿದ್ದಾರೆ, ಅದೊಂದನ್ನೇ ನಂಬಬೇಡಿ. ದತ್ತಾಂಶ ಹಾಕುವ ಮುನ್ನ ಬ್ಯಾಡ್‌ಬ್ಲಾಕ್ಸ್‌ ಎಂಬ ಸಾಫ್ಟ್‌ವೇರಿನ ಬರೆಯುವ ಪರೀಕ್ಷೆ ನಡೆಸಿ. 4 ಟಿಬಿಗೆ ಎರಡೂವರೆ ದಿನ ಹಿಡಿಯುತ್ತದೆ. ಎಲ್ಲವನ್ನೂ ಒಟ್ಟಿಗೇ ಓಡಿಸಿ, ಕೈಕೊಡುವುದು ವಾರಂಟಿ ಇರುವಾಗಲೇ ಕೈಕೊಡಲಿ.